ತಂಗಿಗೆ ತೋರಿಸದ ಕಡೆಯ ಪಾಠ

ಕಡೆಯ ಪಾಠವನ್ನು ನಾನು ನನ್ನ ತಂಗಿಗೆ ತೋರಿಸಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಊರೂರು ಅಲೆದು, ಎದೆಯ ಕ್ಯಾನ್ಸರ್ ಆದ ಹೆಂಗಸರ ಮುಂದೆ ಕಂಪ್ಯೂಟರ್ ಇಟ್ಟು, ಗುರುತು ಪರಿಚಯ ಇಲ್ಲದವರಿಗೆಲ್ಲ ಆ ಪಾಠ ತೋರಿಸಿದವಳು ನಾನು. ಮಿರ್ಲೆಯಲ್ಲಿರುವ ಒಡಹುಟ್ಟಿದವಳ ಮುಂದೆ ಮಾತ್ರ ಅದನ್ನು ಮುಚ್ಚಿದೆ. ಮರೆತದ್ದಲ್ಲ, ಹೆದರಿದ್ದು.

ನಿವೃತ್ತಿಯ ದಿನ ಶಾಲು ಹೊದಿಸಿ ಹಣ್ಣು ಕೊಟ್ಟ ಮೇಲೆ ನಮ್ಮ ಸಂಸ್ಥೆಯ ಶೈಲಜಾ ಮೇಡಂ, “ಹೊಸದಾಗಿ ಸೇರುವ ಹುಡುಗಿಯರಿಗೆ ನಿಮ್ಮ ಅನುಭವ ಬರೆದುಕೊಡಿ ಜಯಮ್ಮ” ಎಂದರು. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಬರೆಯುವ ಅಭ್ಯಾಸ ಕಡಿಮೆ. ಆದರೂ ಒಪ್ಪಿಕೊಂಡೆ. ಒಳ್ಳೆಯದನ್ನಷ್ಟೇ ಬರೆದರೆ ನಿಮಗೆ ಉಪಯೋಗವಿಲ್ಲ ಎಂದು ಮೊದಲು ಇದನ್ನೇ ಬರೆದೆ. ಈಗ ಉಳಿದದ್ದನ್ನು ಹೇಳುತ್ತೇನೆ.

ಈ ಕೆಲಸಕ್ಕೆ ಬರುವ ಮೊದಲು ಹುಣಸೂರಿನ ಒಂದು ನರ್ಸಿಂಗ್ ಹೋಂನಲ್ಲಿ ಆಯಾ ಆಗಿದ್ದೆ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹಳ್ಳಿಯ ಹೆಂಗಸರ ಪಕ್ಕದಲ್ಲಿ ಕೂತು ಮಾತಾಡಬಲ್ಲವಳು ಒಬ್ಬಳು ಬೇಕು ಎಂದು ಮೇಡಂ ಹುಡುಕುತ್ತಿದ್ದಾಗ ಯಾರೋ ನನ್ನನ್ನು ತೋರಿಸಿದರು. ಕಂಪ್ಯೂಟರ್ ಮುಟ್ಟುವುದೆಂದರೆ ನನಗೆ ಆಗದು. ಏನಾದರೂ ಒತ್ತಿದರೆ ಸುಟ್ಟುಹೋಗುತ್ತದೆ, ನನ್ನಿಂದ ವಸೂಲಿ ಮಾಡುತ್ತಾರೆ ಎಂಬ ಹೆದರಿಕೆ. ಮೇಡಂ ಮೊದಲು ಕಲಿಸಿದ ನಿಯಮ ಮಾತ್ರ ಯಂತ್ರದ್ದಲ್ಲ.

“ಬೆರಳು ಅವರದೇ ಆಗಿರಬೇಕು ಜಯಮ್ಮ. ಯಾವ ಪಾಠ ನೋಡಬೇಕು, ಯಾವುದು ಬೇಡ, ಎಲ್ಲಿ ನಿಲ್ಲಿಸಬೇಕು, ಎಲ್ಲ ಅವರೇ ಒತ್ತಲಿ. ಕಾಯಿಲೆ ಆಗಿರೋದು ಅವರ ಮೈಗೆ. ನೀವು ಪರದೆ ನೋಡಬೇಡಿ, ಅವರ ಮುಖ ನೋಡಿ.”

ಪಾಠಗಳೆಲ್ಲ ಚಿತ್ರ ಮತ್ತು ಮಾತು. ಓದಲು ಬಾರದವರೂ ಚಿತ್ರ ಮುಟ್ಟಿದರೆ ಸಾಕು, ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ಮಾತು ಬರುತ್ತದೆ. ಈ ಕಾಯಿಲೆ ಏನು, ಆಪರೇಷನ್ ಹೇಗೆ, ಡ್ರಿಪ್ಪಿನಲ್ಲಿ ಕೊಡುವ ಔಷಧಿ ಮೈಗೆ ಏನು ಮಾಡುತ್ತದೆ, ಆಪರೇಷನ್ ಆದ ಮೇಲೆ ಬಾತುಕೊಂಡ ಕೈಗೆ ಯಾವ ವ್ಯಾಯಾಮ, ಡಾಕ್ಟರ ಹತ್ತಿರ ಏನೇನು ಕೇಳಬೇಕು, ಮನೆಯವರ ಹತ್ತಿರ ಹೇಗೆ ಹೇಳಬೇಕು. ಇವೆಲ್ಲ ಆದ ಮೇಲೆ ಕಡೆಯದು. ಕಾಯಿಲೆ ವಾಪಸ್ ಬಂದರೆ ಗುರುತು ಹಿಡಿಯುವುದು ಹೇಗೆ, ಎಂಥ ನೋವನ್ನು ಕಡೆಗಣಿಸಬಾರದು, ಯಾವಾಗ ತಡಮಾಡದೆ ಆಸ್ಪತ್ರೆಗೆ ಹೊರಡಬೇಕು.

ಮೊದಮೊದಲು ನಾವು ಮನೆಗಳಿಗೆ ಹೋಗುತ್ತಿರಲಿಲ್ಲ. ಕೆ.ಆರ್. ನಗರದಲ್ಲಿ ಒಂದು ಕೋಣೆ ಹಿಡಿದು ದೊಡ್ಡ ಕಂಪ್ಯೂಟರ್ ಇಟ್ಟಿದ್ದೆವು. ಬಾಗಿಲ ಮೇಲೆ ಕ್ಯಾನ್ಸರ್ ಎಂಬ ಬೋರ್ಡು. ಒಬ್ಬಳೂ ಒಳಗೆ ಬರಲಿಲ್ಲ. ಬಸ್ಸಿಳಿದು ಬೋರ್ಡು ನೋಡಿ, ಸೆರಗು ಎಳೆದುಕೊಂಡು ಎದುರಿನ ಅಂಗಡಿಯಲ್ಲಿ ಏನಾದರೂ ಕೊಂಡು ಹಾಗೇ ಹೋಗಿಬಿಡುತ್ತಿದ್ದರು. ಊರಿನವರು ಯಾರಾದರೂ ಕಂಡರೆ ಮಗಳಿಗೆ ಗಂಡು ಸಿಗುವುದಿಲ್ಲ ಎಂಬ ದಿಗಿಲು. ಕಡೆಗೆ ಮೇಡಂ ಆ ಬೋರ್ಡು ತೆಗೆಸಿ ಹೊಲಿಗೆ ತರಬೇತಿ ಎಂದು ಬರೆಸಿದರು. ಆಮೇಲೆ ಬರತೊಡಗಿದರು, ಕಂಕುಳಲ್ಲಿ ಒಂದೊಂದು ಬ್ಲೌಸ್ ಪೀಸ್ ಇಟ್ಟುಕೊಂಡು. ನಿಜವಾಗಿ ಹೊಲಿಗೆ ಕಲಿಯಲು ಬಂದವರನ್ನು ವಾಪಸ್ ಕಳಿಸುವುದೇ ನನಗೊಂದು ಕೆಲಸವಾಯಿತು. “ಸೀಟು ಇಲ್ಲ” ಎಂದರೆ, “ನಾಲ್ಕು ಕುರ್ಚಿ ಖಾಲಿ ಅವಲ್ಲಕ್ಕ!” ಎಂದು ಇಣುಕಿ ನೋಡಿ ಜಗಳಕ್ಕೆ ನಿಲ್ಲುತ್ತಿದ್ದರು.

ಆಮೇಲೆ ಮಡಚುವ ಕಂಪ್ಯೂಟರ್ ಬಂತು, ನಾವೇ ಮನೆ ಬಾಗಿಲಿಗೆ ಹೋಗತೊಡಗಿದೆವು. ನಿಮ್ಮ ಕೈಗೆ ಈಗ ತೆಳ್ಳಗಿನ ಟ್ಯಾಬ್ ಬಂದಿದೆ, ಕೆಲವರಿಗೆ ಫೋನಿಗೇ ಪಾಠ ಹೋಗುತ್ತದೆ. ಯಂತ್ರ ಹಗುರಾಗಿದೆ, ಹೆದರಿಕೆ ಹಗುರಾಗಿಲ್ಲ. ನೀವು ಹೋದಾಗ ಬಾಗಿಲು ಹಾಕಿಕೊಳ್ಳುವವರಿದ್ದಾರೆ. ಬಾಗಿಲು ಹಾಕಿದರೆ ಅಕ್ಕಪಕ್ಕದವರಿಗೆ ಅನುಮಾನ ಬರುತ್ತದೆಂದು ತೆಗೆದಿಟ್ಟು, ರಸ್ತೆ ಕಡೆಯೇ ಕಣ್ಣಿಟ್ಟು ಕೂರುವವರಿದ್ದಾರೆ. ಆ ಹೆದರಿಕೆ ನಿಮಗೂ ಅಂಟುತ್ತದೆ. ನನಗೆ ಅಂಟಿತ್ತು. ದಿನವೆಲ್ಲ ಪಾಠ ಹಾಕಿ ಮನೆಗೆ ಬಂದು ಸ್ನಾನಕ್ಕೆ ನಿಂತರೆ ನನ್ನ ಕೈ ನನ್ನ ಮೈಯನ್ನೇ ಹುಡುಕುತ್ತಿತ್ತು. ಗಂಟು ಇಲ್ಲದ ಕಡೆ ಗಂಟು ಸಿಕ್ಕಿದಂತಾಗಿ, ಒದ್ದೆ ಮೈಯಲ್ಲೇ ಗೋಡೆ ಹಿಡಿದು ನಿಂತುಬಿಡುತ್ತಿದ್ದೆ.

ಹಂಪಾಪುರದ ಹತ್ತಿರದ ಒಂದು ಮನೆಯನ್ನು ಮರೆಯಲಾರೆ. ಆಪರೇಷನ್ ಆಗಿದ್ದ ಸೊಸೆಯ ತಟ್ಟೆ ಲೋಟವನ್ನು ಅತ್ತೆ ಕೊಟ್ಟಿಗೆಯ ಗೂಡಿನಲ್ಲಿ ಬೇರೆ ಇಟ್ಟಿದ್ದಳು. ಸೊಸೆ ಪಾಠ ಕೇಳುತ್ತಿದ್ದರೆ ಮುದುಕಿ ಸುಮ್ಮನಿರಲಿಲ್ಲ.

“ಅದೇನು ಗುಟ್ಟು, ಅವಳೊಬ್ಬಳ ಕಿವೀಗೆ? ನನ್ ಕಿವೀಗೂ ಹಾಕವ್ವ, ನೋಡಾನ.”

ಸೊಸೆಯನ್ನು ಕೇಳಿ ಹಾಕಿದೆ. ಹೆಡ್‌ಫೋನ್ ಹಾಕಿಕೊಂಡವರಿಗೆ ತಮ್ಮ ದನಿ ಎಷ್ಟು ಜೋರು ಎಂದು ತಿಳಿಯುವುದಿಲ್ಲ. ಮುದುಕಿ ಬೀದಿಗೆಲ್ಲ ಕೇಳುವಂತೆ ಕೂಗಿದಳು, “ಎದೆ ಎದೆ ಅಂತ ಬಾಯ್ಬುಟ್ಟು ಅಂತದಲ್ಲೇ! ಇದ್ಕೆ ನಾಚ್ಕೆ ಬ್ಯಾಡ್ವಾ?”

ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುದುಕಿ ಪಾಠ ಪೂರ್ತಿ ಕೇಳಿ ಹೆಡ್‌ಫೋನ್ ತೆಗೆದಳು.

“ಅಂಟಾಕಿಲ್ಲ ಅಂತದೆ. ದಿಟವಾ?”

“ದಿಟ ಕಣಮ್ಮ. ಒಂದೇ ತಟ್ಟೇಲಿ ಉಂಡ್ರೂ ಅಂಟಾಕಿಲ್ಲ.”

“ಪೆಟ್ಟಿಗೆ ಮಾತು ಕೇಳ್ಕಂಡು ನಾನು ಉಣ್ಲಾ?” ಎಂದು ಎದ್ದು ಒಳಗೆ ಹೋದಳು. ಮುಂದಿನ ಸಲ ಹೋದಾಗ ಸೊಸೆಯ ತಟ್ಟೆ ಅಡಿಗೆಮನೆಗೆ ಬಂದಿತ್ತು. ಲೋಟ ಇನ್ನೂ ಕೊಟ್ಟಿಗೆಯಲ್ಲೇ ಇತ್ತು. ಈ ಕೆಲಸದಲ್ಲಿ ಗೆಲುವು ಎಂದರೆ ಅಷ್ಟೇ, ತಿಳಿದಿರಲಿ.

ನನ್ನ ದೊಡ್ಡ ಎಡವಟ್ಟು ಪಿರಿಯಾಪಟ್ಟಣದ ಕಡೆ ಆದದ್ದು. ಹೊಗೆಸೊಪ್ಪು ಬೆಳೆಯುವ ಮನೆ. ಆ ಹೆಂಗಸಿಗೆ ಸೊಂಟ ದಾಟುವ ಜಡೆ. ಆ ದಿನ ನಾನು ಕಂಪ್ಯೂಟರ್ ಚಾರ್ಜ್ ಮಾಡದೆ ಹೋಗಿದ್ದೆ. ಆ ಊರಲ್ಲಿ ಕರೆಂಟೂ ಇರಲಿಲ್ಲ. “ಈ ಔಷಧಿಯಿಂದ ತಲೆಕೂದಲೆಲ್ಲ ಉದುರುತ್ತದೆ” ಎಂದು ಪಾಠ ಹೇಳುತ್ತಿದ್ದಂತೆ ಪರದೆ ಕಪ್ಪಾಯಿತು. ಬಸ್ಸಿಗೆ ಹೊತ್ತಾಗಿತ್ತು. “ಇನ್ನೊಂದಿನ ಬತ್ತೀನಿ” ಎಂದು ಎದ್ದು ಬಂದುಬಿಟ್ಟೆ. ಉದುರಿದ ಕೂದಲು ಮತ್ತೆ ಬೆಳೆಯುತ್ತದೆ ಎಂಬ ಮಾತು ಪೆಟ್ಟಿಗೆಯಲ್ಲೇ ಉಳಿಯಿತು.

ಆಕೆ ಮೊದಲ ಡ್ರಿಪ್ಪಿಗೇ ಆಸ್ಪತ್ರೆಗೆ ಹೋಗಲಿಲ್ಲ. ಆಸ್ಪತ್ರೆಯವರು ಮೇಡಂಗೆ ತಿಳಿಸಿದರು, ಮೇಡಂ ನನ್ನನ್ನು ಆ ಊರಿಗೆ ಓಡಿಸಿದರು. ಹೋಗಿ ನೋಡಿದರೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಾಳೆ, ಯಾರೋ ಕತ್ತರಿಸಲು ಬರುತ್ತಾರೇನೋ ಎಂಬಂತೆ.

“ಉದುರ್ತದೆ ಅಂದ್ರಿ, ಒಂಟೋದ್ರಿ. ಆಮ್ಯಾಲೆ ಏನು ಅಂತ ಯಾರ್ನ ಕೇಳ್ಲಿ ನಾನು? ಜುಟ್ಟು ಓದಂಗೆ ಜೀವಾನೂ ಓಯ್ತದೆ ಅಂದ್ಕಂಡೆ.”

ಮೇಡಂ ಕೂಗಾಡುವವರಲ್ಲ. ಆ ದಿನ ಕೂಗಾಡಿದರು. “ಅರ್ಧ ಹೇಳಿ ಬಂದರೆ ಅವರು ಉಳಿದರ್ಧವನ್ನು ಭಯದಿಂದ ತುಂಬಿಕೊಳ್ತಾರೆ. ಬಸ್ಸು ಹೋದರೆ ಹೋಗಲಿ, ಅಲ್ಲೇ ಮಲಗಿ ಬರಬೇಕಿತ್ತು.” ಆಕೆ ಆಮೇಲೆ ಒಪ್ಪಿ ಚಿಕಿತ್ಸೆ ಮುಗಿಸಿದಳು. ಆದರೆ ಮೇಡಂ ಹೇಳಿದ ಮಾತನ್ನು ಕಲಿತ ಮೇಲೂ ನಾನು ಮೀರಿದೆ, ಅದಕ್ಕೇ ಇಷ್ಟು ವಿವರವಾಗಿ ಬರೆದದ್ದು.

ಮೊದಲು ಪಾಠಗಳಲ್ಲಿ ಪೇಟೆಯ ಹುಡುಗಿಯ ದನಿ ಇತ್ತು. “ರೋಗವು ಮರುಕಳಿಸಿದಲ್ಲಿ” ಎನ್ನುತ್ತಿತ್ತು. ಒಬ್ಬ ಅಜ್ಜಿ, “ಅದ್ಯಾವ ದೇಸದ ಮಾತವ್ವ?” ಎಂದು ಕೇಳಿದಳು. ಹೀಗಾಗಿ ನನ್ನ ದನಿಯಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಮತ್ತೆ ರೆಕಾರ್ಡ್ ಮಾಡುವುದೆಂದು ಮೇಡಂ ತೀರ್ಮಾನಿಸಿದರು. ಆಫೀಸಿನ ಒಳಕೋಣೆಯ ಕಿಟಕಿಗೆಲ್ಲ ಕೌದಿ ಕಟ್ಟಿ ನನ್ನನ್ನು ಕೂರಿಸಿದರು. ಬೇರೆ ಪಾಠಗಳು ಸಲೀಸಾಗಿ ಆದವು. ಕಡೆಯದಕ್ಕೆ ನಾಲಿಗೆ ಏಳಲಿಲ್ಲ. ನಮ್ಮಲ್ಲಿ ಕೆಟ್ಟ ಮಾತನ್ನು ಬಾಯಿಂದ ಆಡಬಾರದು. ಮಾಡಿನ ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತವೆ, ನಾವು ಅಂದದ್ದಕ್ಕೆ ಅಸ್ತು ಅಂದುಬಿಟ್ಟರೆ ಹಾಗೇ ಆಗಿಬಿಡುತ್ತದೆ ಎನ್ನುವುದು ಅವ್ವ ಹೇಳಿಕೊಟ್ಟದ್ದು. ಬಾಯಿ ಜಾರಿದರೆ ಕೂಡಲೇ ಬಿಡ್ತು ಎನ್ನಬೇಕು. ಆಗ ಆ ಮಾತು ಬಿಟ್ಟುಹೋಗುತ್ತದೆ.

“ಕಾಯಿಲೆ ವಾಪಸ್ ಬಂದ್ರೆ” ಎಂದು ಮೈಕಿಗೆ ಹೇಳಿ ಮುಗಿಸಿದೆ. ಮೇಡಂ ಕಿವಿಗೆ ಹಾಕಿಕೊಂಡು ಕೇಳಿ ಹುಬ್ಬು ಗಂಟಿಕ್ಕಿದರು.

“ಕೊನೇಲಿ ಏನೋ ಗೊಣಗಿದ್ದೀರಲ್ಲ, ಏನ್ರೀ ಅದು?”

“ಬಿಡ್ತು ಅಂದೆ ಮೇಡಂ.”

“ಅದು ಪಾಠದಲ್ಲಿ ಇಲ್ವಲ್ಲ!”

“ನಂಗೇ ಅಂದ್ಕಂಡೆ. ಎಲ್ಲಾರ ಮನೇಗೂ ಈ ಮಾತು ನನ್ ಬಾಯಿಂದಲೇ ಓಯ್ತದಲ್ಲ ಮೇಡಂ.”

ಅವರು ನಕ್ಕು ಮತ್ತೆ ಹೇಳಿಸಿದರು. ಮತ್ತೆ ಬಿಡ್ತು ಬಂತು. ಕಡೆಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮನಸ್ಸಿನಲ್ಲೇ ಅಂದುಕೊಂಡೆ. ಆ ಪಾಠದಲ್ಲಿ ಈಗಲೂ ಇರುವುದು ನನ್ನ ದನಿ. ನೀವೂ ಅದನ್ನೇ ತೋರಿಸುತ್ತಿದ್ದೀರಿ.

ಇನ್ನು ನನ್ನ ತಂಗಿ ರತ್ನಿಯ ವಿಷಯ. ಮಿರ್ಲೆಗೆ ಕೊಟ್ಟಿದ್ದು. ಗದ್ದೆ ಇದೆ, ಗಂಡ ಒಳ್ಳೆಯವನು, ಒಬ್ಬಳೇ ಮಗಳು ಪವಿತ್ರ. ರತ್ನಿಯ ಎದೆಯಲ್ಲಿ ಗಂಟು ಸಿಕ್ಕಿದ ದಿನ ಮೊದಲು ನನಗೇ ಫೋನ್ ಮಾಡಿದಳು. ಮೈಸೂರಿನಲ್ಲಿ ಆಪರೇಷನ್, ಔಷಧಿ ಎಲ್ಲ ಆಯಿತು. ಅವಳು ಯಾರಿಗೂ ಹೆದರಿದಂತೆ ಕಾಣಲಿಲ್ಲ. “ನಮ್ಮಕ್ಕನೇ ಇದ್ರ ಟೀಚ್ರು, ನಂಗೇನು?” ಎಂದು ವಾರ್ಡಿನಲ್ಲೆಲ್ಲ ಹೇಳಿಕೊಂಡಳು. ಹೆದರಿದ್ದು ನಾನು. ಪಕ್ಕದ ಮನೆಗಳಿಗೆ ಬರುವ ಕಾಯಿಲೆ ನಮ್ಮ ಮನೆಗೇ ಬಂತಲ್ಲ, ಒಂದೇ ಹಾಲು ಕುಡಿದವರಲ್ಲವೇ ನಾವು, ಮುಂದಿನದು ನನ್ನ ಸರದಿ ಎಂದು.

ಕಂಪ್ಯೂಟರ್ ತೆಗೆದುಕೊಂಡು ಅವಳ ಮನೆಗೂ ಹೋದೆ. ಗೋಡೆಯ ಮೇಲೆ ಬೆರಳು ನಡೆಸುತ್ತ ಕೈ ಎತ್ತುವ ವ್ಯಾಯಾಮದ ಪಾಠ ನೋಡಿ, “ಹಲ್ಲಿ ಹಿಡಿಯಾಕೆ ಹೋದಂಗದೆ ಕಣಕ್ಕ” ಎಂದು ನಗುತ್ತಲೇ ಮಾಡಿದಳು. ಒಂದೊಂದೇ ಪಾಠ ಮುಗಿಸಿ ಕಡೆಯ ಚಿತ್ರಕ್ಕೆ ಬಂದಳು. ಪವಿತ್ರ ತುಂಬು ಬಸುರಿ, ಚೊಚ್ಚಲ ಹೆರಿಗೆಗೆ ಬಂದು ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದಳು. ರತ್ನಿಗೆ ಹೆಡ್‌ಫೋನ್ ಕಿರಿಕಿರಿ, ಅದನ್ನು ತೆಗೆದಿಟ್ಟು ಎಲ್ಲರಿಗೂ ಕೇಳುವಂತೆ ಹಾಕಿಕೊಂಡಿದ್ದಳು. ಅವಳ ಬೆರಳು ಚಿತ್ರದ ಹತ್ತಿರ ಹೋಯಿತು. ಬಸುರಿಯ ಎದುರಿಗೆ, ಆ ಮನೆಯ ಮಾಡಿನ ಕೆಳಗೆ, ನನ್ನದೇ ದನಿ ನನ್ನ ತಂಗಿಗೆ ಕಾಯಿಲೆ ವಾಪಸ್ ಬಂದ್ರೆ ಎನ್ನುವುದು ಕಣ್ಣ ಮುಂದೆ ಬಂತು. ಕೈ ಚಾಚಿ ಮುಚ್ಚಳ ಹಾಕಿಬಿಟ್ಟೆ.

“ಯಾಕಕ್ಕ?”

“ಇದು ನಿಂಗಲ್ಲ ಕಣೆ. ಬ್ಯಾರೆ ತರ ಕಾಯಿಲೆ ಇರೋರ್ಗೆ.”

“ಅಂಗಾರೆ ನನ್ ಪಾಠ ಮುಗೀತು, ಪಾಸು” ಎಂದಳು ರತ್ನಿ. ಪವಿತ್ರ ಚಪ್ಪಾಳೆ ತಟ್ಟಿದಳು. ಅವತ್ತು ನನಗೆ ಹೋಳಿಗೆ ಊಟ.

ನೋಡುವವರು ಬೇಡ ಎಂದು ಒತ್ತದಿದ್ದರೆ, ಕಡೆಯ ಪಾಠ ಮುಗಿಯದೆ ಕಂಪ್ಯೂಟರ್ ಮುಂದಿನವರ ಹೆಸರು ತೆಗೆದುಕೊಳ್ಳುತ್ತಿರಲಿಲ್ಲ. ತಂಗಿ ಬೇಡ ಎಂದಳೆಂದು ಒತ್ತಿದರೆ ಮೇಡಂ ಯಾಕೆಂದು ಕೇಳುತ್ತಾರೆ. ಕೆ.ಆರ್. ನಗರ ಬಸ್ ಸ್ಟ್ಯಾಂಡಿನಲ್ಲಿ ಕೂತು, ಹೆಡ್‌ಫೋನ್ ಸಿಕ್ಕಿಸಿ ತೊಡೆಯ ಮೇಲಿಟ್ಟುಕೊಂಡು ಆ ಪಾಠ ಹಾಕಿದೆ. ಕಿವಿಗೆ ಹಾಕಿಕೊಳ್ಳುವ ಧೈರ್ಯ ನನಗೂ ಇರಲಿಲ್ಲ. ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂಬ ಮಾತೂ ಅದರಲ್ಲೇ ಬರುತ್ತದೆ. ಯಾರೂ ಕೇಳದೆ ಪಾಠ ತಾನಾಗಿ ಹೇಳಿ ಮುಗಿಸಿತು. ಹೆರಿಗೆ ಆಗಲಿ, ಆಮೇಲೆ ಬಂದು ತೋರಿಸುತ್ತೇನೆ ಎಂದುಕೊಂಡೆ. ಹೆರಿಗೆ ಆಯಿತು. ಮಗು ಇರುವ ಮನೆ ಎಂದುಕೊಂಡೆ. ನೆಪ ಹುಡುಕುವವಳಿಗೆ ನೆಪಕ್ಕೆ ಬರವಿಲ್ಲ.

ಮಗುವಿಗೆ ಹೆಸರಿಡುವ ಶಾಸ್ತ್ರಕ್ಕೆ ಹೋದಾಗ ರತ್ನಿ ನೆಲದಿಂದ ಏಳಲು ಕಂಬ ಹಿಡಿದಳು. ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಸ್ವಲ್ಪ ಸ್ವಲ್ಪವಾಗಿ ಎದ್ದಳು. ನನ್ನ ಕೈಯಲ್ಲಿದ್ದ ಅರಿಶಿನ ಕುಂಕುಮದ ತಟ್ಟೆ ಕೆಳಗಿಟ್ಟು ಅವಳ ಹತ್ತಿರ ಹೋದೆ.

“ಏನಾಯ್ತೆ?”

“ಸೊಂಟ ಹಿಡ್ಕಂಡದೆ ಕಣಕ್ಕ. ಬಾಣಂತಿಗೆ ಬಿಸಿನೀರು ಹೊತ್ತು ಹೊತ್ತು ಜಾಸ್ತಿ ಆಗದೆ. ಮ್ಯಾಗಲಕೇರಿ ನಿಂಗಜ್ಜಿ ಎಣ್ಣೆ ಹಾಕಿ ನೀವ್ತಾಳೆ, ವಾಸಿ ಆಯ್ತದೆ ಬುಡು.”

“ಯಾವಾಗಿಂದ?”

“ಮೊಗ ಹುಟ್ಟಕ್ಕೆ ಮೊದ್ಲೇ. ಮಲಿಕ್ಕಂಡ್ರೆ ಇನ್ನೂ ಜಾಸ್ತಿ.”

ಮಲಗಿದರೂ ತಗ್ಗದ ಮೂಳೆ ನೋವು ಇದ್ದರೆ ಎಣ್ಣೆ ತಿಕ್ಕಿಕೊಂಡು ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಇದನ್ನು ನಾನೇ ಹೇಳಿದ್ದೆ, ಕೌದಿ ಕಟ್ಟಿದ ಕೋಣೆಯಲ್ಲಿ ಕೂತು. ಮಾರನೆಯ ದಿನವೇ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋದೆ. ಸ್ಕ್ಯಾನ್ ಕೋಣೆಯ ಹೊರಗೆ ಕೂತು ಬಿಡ್ತು, ಬಿಡ್ತು ಎಂದು ಜಪಿಸಿದೆ. ಏನೂ ಬಿಡಲಿಲ್ಲ. ಕಾಯಿಲೆ ಬೆನ್ನುಮೂಳೆಗೆ ಬಂದಿತ್ತು, ಒಂದು ಮೂಳೆ ಕುಸಿದಿತ್ತು.

ಡಾಕ್ಟರು ಕಟುವಾದವರಲ್ಲ. “ವಾಪಸ್ ಬರೋದನ್ನ ಯಾರೂ ತಡೆಯೋಕಾಗ್ತಿರಲಿಲ್ಲಮ್ಮ. ಆದರೆ ನೋವು ಶುರುವಾದಾಗಲೇ ಬಂದಿದ್ದರೆ ಮೂಳೆ ಕುಸಿಯದ ಹಾಗೆ ನೋಡಿಕೊಳ್ಳಬಹುದಿತ್ತು. ಇಂಥ ನೋವು ಬಂದರೆ ಬರಬೇಕು ಅಂತ ನಿಮಗೆ ಯಾರೂ ಹೇಳಿರಲಿಲ್ವಾ?”

ರತ್ನಿ ನನ್ನ ಕಡೆ ನೋಡಿ ಹೆಮ್ಮೆಯಿಂದಲೇ ಹೇಳಿದಳು, “ಇವ್ಳು ನಮ್ಮಕ್ಕ ಕಣ್ ಸಾ, ಕಂಪ್ಯೂಟ್ರು ತಂದು ಎಲ್ಲಾ ತೋರ್ಸವ್ಳೆ. ನಂಗೇ ಗ್ಯಾನ ಇಲ್ಲ, ಮರ್ತುಬುಟ್ಟೆ. ನಂದೇ ತಪ್ಪು.”

ಡಾಕ್ಟರು ನನ್ನನ್ನು ನೋಡಿದರು. ಆಗಲಾದರೂ ಬಾಯಿ ಬಿಡಬೇಕಿತ್ತು. ತಲೆ ತಗ್ಗಿಸಿದೆ. ಪಾಠ ತೋರಿಸದಿದ್ದುದಕ್ಕಿಂತ ಆ ತಲೆ ತಗ್ಗಿಸಿದ್ದು ದೊಡ್ಡ ತಪ್ಪು ಎಂದು ಈಗ ಅನಿಸುತ್ತದೆ. ಮೊದಲನೆಯದು ಭಯ. ಎರಡನೆಯದು ನನ್ನ ಮರ್ಯಾದೆ ಉಳಿಸಿಕೊಂಡದ್ದು.

ಆಮೇಲೂ ನಾನು ಕೆಲಸ ಮಾಡಿದೆ. ನನ್ನ ಪರೀಕ್ಷೆ ಮಾಡಿಸಿಕೊಂಡೆ, ಏನೂ ಇರಲಿಲ್ಲ. ಯಾರ ಮನೆಯಲ್ಲೂ ಕಡೆಯ ಪಾಠ ಬಿಡಲಿಲ್ಲ. ಬೇಡ ಎಂದವರಿಗೆ ಒತ್ತಾಯ ಮಾಡಲಿಲ್ಲ, ಆದರೆ ಇದೆ ಎಂದು ಹೇಳಿ ಬಂದೆ, ಬೇಕಾದಾಗ ಕರೆಯಿರಿ ಎಂದೆ. ಆ ಪಾಠದಲ್ಲಿ ನನ್ನ ದನಿ ಶುರುವಾದ ಕೂಡಲೇ ಹೊರಗೆ ಹೋಗಿ ನಿಲ್ಲಬೇಕು ಅನಿಸುತ್ತಿತ್ತು. ಹೋಗಲಿಲ್ಲ, ಅವರ ಮುಖ ನೋಡುತ್ತ ಕೂತೆ. ಮೇಡಂಗೂ ಏನೂ ಹೇಳಿರಲಿಲ್ಲ. ಇದನ್ನು ಓದಿದಾಗಲೇ ಅವರಿಗೂ ಗೊತ್ತಾಗುವುದು.

ರತ್ನಿ ಈಗ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಓಡಾಡುತ್ತಾಳೆ. ಮಾತ್ರೆ, ಸೂಜಿ ನಡೆಯುತ್ತಿವೆ. ಕಾಯಿಲೆ ಹೋಗಿಲ್ಲ, ತಡೆದು ನಿಂತಿದೆ. ಎಷ್ಟು ದಿನ ಎಂದು ಯಾರೂ ಹೇಳುವುದಿಲ್ಲ. ಭಾರ ಎತ್ತುವಂತಿಲ್ಲ. ಮೊಮ್ಮಗಳು ತೊಡೆ ಹಿಡಿದು ಎತ್ತಿಕೋ ಎಂದು ಅತ್ತರೆ, ಕೂತುಕೊಂಡು ತಬ್ಬಿಕೊಳ್ಳುತ್ತಾಳೆ.

ನಿವೃತ್ತಿಯಾದ ಮೇಲೆ ಮಿರ್ಲೆಗೆ ಹೋಗಿದ್ದೆ. ಅದೇ ಬೀದಿಯ ಒಬ್ಬ ಹೆಂಗಸಿಗೆ ಹೊಸದಾಗಿ ಕಾಯಿಲೆ ಗೊತ್ತಾಗಿ, ರತ್ನಿಯ ಹತ್ತಿರ ಮಾತಾಡಲು ಬಂದಿದ್ದಳು. ಜಗಲಿಯಲ್ಲಿ ಸೊಪ್ಪು ಬಿಡಿಸುತ್ತ ರತ್ನಿ ಅವಳಿಗೆ ಧೈರ್ಯ ಹೇಳಿ, ಕಡೆಗೆ, “ಪಾಠ ತೋರ್ಸಾಕೆ ಬತ್ತಾರೆ, ಗ್ಯಾನ ಕೊಟ್ಟು ಕೇಳವ್ವ. ನನ್ನಂಗೆ ಮರ್ತು ಕೂರ್ಬ್ಯಾಡ. ಅಕ್ಕ ಅಷ್ಟು ಕಷ್ಟ ಬಿದ್ದು ಹೇಳ್ಕೊಟ್ಳು, ದಡ್ಡ ಮುಂಡೇದು ನಾನು, ಮರ್ತೆ. ಈಗ ಮೊಗ ಎತ್ತೋ ಭಾಗ್ಯ ಇಲ್ಲ” ಎಂದಳು.

ಆ ಹೆಂಗಸು ಹೋದಳು. ನಾನು ರತ್ನಿಯ ಪಕ್ಕಕ್ಕೆ ಸರಿದು ಕೂತೆ. ಮೊದಲ ಸಲ ಕಂಪ್ಯೂಟರ್ ಮುಟ್ಟಿದಾಗಲೂ, ಸ್ಕ್ಯಾನ್ ಕೋಣೆಯ ಹೊರಗೂ ಆ ಗಳಿಗೆಯಷ್ಟು ಹೆದರಿರಲಿಲ್ಲ. ತಂಗಿ ಒಬ್ಬಳೇ ನನಗೆ ಉಳಿದವಳು.

“ರತ್ನಿ, ನೀನು ಮರ್ತಿಲ್ಲ ಕಣೆ.”

“ಏನ?”

“ಆ ಪಾಠ ನೀನು ನೋಡೇ ಇಲ್ಲ. ನೀನು ಬೆರಳು ಮಡಗಕ್ಕೆ ಬಂದಾಗ ನಾನು ಮುಚ್ಬುಟ್ಟೆ. ಬ್ಯಾರೆಯೋರ್ಗೆ ಅಂದೆ. ಅದು ನಿಂದೇ ಪಾಠ. ಬೆನ್ನು ನೋವಿನ ಮಾತು ಅದ್ರಲ್ಲೇ ಇತ್ತು.”

ಸೊಪ್ಪು ಬಿಡಿಸುವ ಕೈ ನಿಂತಿತು. ಬೈದಿದ್ದರೆ ಚೆನ್ನಾಗಿತ್ತು.

“ಗೊತ್ತಿದ್ರೆ,” ಎಂದಳು, “ಮೊಗ ಎತ್ಕತ್ತಿದ್ನಾ ಅಕ್ಕ?”

ಗೊತ್ತಿಲ್ಲ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೇ ಬಂದಿತ್ತು.

“ಎತ್ಕತ್ತಿದ್ದೆ ಕಣೆ.”

ಅವಳ ಕಣ್ಣು ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಗಳ ಕಡೆ ಹೋಯಿತು. ನಾನು ಕೆಳಗೆ ಇಳಿದು ಅವಳ ಕಾಲ ಹತ್ತಿರ ಕೂತೆ.

“ನಂಗೆ ಭಯ ಆಯ್ತು ರತ್ನಿ. ಬಾಯ್ಬುಟ್ಟು ಅಂದ್ರೆ ನಿಂಗೆ ಬಂದ್ಬುಡ್ತದೆ ಅಂತ, ನಿನ್ ಹಿಂದೆ ನಂಗೂ ಬತ್ತದೆ ಅಂತ. ಡಾಕ್ಟ್ರ ಮುಂದೆ ನೀನು ನಿನ್ ಮ್ಯಾಲೆ ಹಾಕ್ಕಂಡಾಗ್ಲೂ ಸುಮ್ಕೆ ನಿಂತಿದ್ದೆ. ಇನ್ಮ್ಯಾಲೆ ಯಾರ್ ಮುಂದೇನೂ ನಂದೇ ತಪ್ಪು ಅನ್ಬ್ಯಾಡ. ನಿಂದಲ್ಲ, ನಂದು. ತಪ್ಪಾಯ್ತು ಕಣವ್ವ, ನನ್ನಿಂದ ತಪ್ಪಾಯ್ತು.”